ಬೈಲಕುಪ್ಪೆಯ ಮೂರು ಸಾವಿರ ಎಕರೆ

1959ರ ಬೇಸಿಗೆಯ ಹೊತ್ತಿಗೆ ಅಸ್ಸಾಮಿನ ಮಿಸ್ಸಾಮಾರಿಯಲ್ಲಿ ನಿರಾಶ್ರಿತರಿಗಾಗಿ ಬಿದಿರಿನ ಗುಡಿಸಲುಗಳು ಸಾಲುಸಾಲಾಗಿ ಎದ್ದಿದ್ದವು. ಮಾರ್ಚ್ 10ರಂದು ತಿಬೆಟ್ಟಿನ ಲಾಸಾ ನಗರ ಚೀನಾದ ವಿರುದ್ಧ ದಂಗೆಯೆದ್ದಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ದಲೈ ಲಾಮಾ ರಾತ್ರೋರಾತ್ರಿ ಅರಮನೆ ಬಿಟ್ಟರು. ತಿಂಗಳ ಕೊನೆಯ ದಿನ ತವಾಂಗ್ ಸೀಮೆಯ ಗಡಿ ದಾಟಿ ಭಾರತದ ನೆಲ ತುಳಿದರು. ಅವರ ಹಿಂದೆ ಜನ ಬರತೊಡಗಿದರು, ಬರುತ್ತಲೇ ಹೋದರು. ಮುಂದಿನ ಕೆಲವು ವರ್ಷಗಳಲ್ಲಿ ಹಾಗೆ ಬಂದವರು ಸುಮಾರು 80,000. ಹಿಮದ ಕಣಿವೆಗಳನ್ನು ದಾಟಿ ಬಂದವರ ಮೈಮೇಲೆ ದಪ್ಪ ಉಣ್ಣೆಯ ಬಟ್ಟೆ, ಎದುರಿಗೆ ಅಸ್ಸಾಮಿನ ಸೆಖೆ. ಹನ್ನೆರಡು ಸಾವಿರ ಅಡಿ ಎತ್ತರದಲ್ಲಿ ಹುಟ್ಟಿ ಬೆಳೆದ ದೇಹಗಳಿಗೆ ಬಯಲಿನ ನೀರು, ಬಯಲಿನ ಸೊಳ್ಳೆ, ಬಯಲಿನ ರೋಗ ಯಾವುದೂ ಒಗ್ಗಲಿಲ್ಲ. ಕ್ಷಯ ಹಬ್ಬಿತು. ಭಿಕ್ಷುಗಳನ್ನು ಬಂಗಾಳದ ಬಕ್ಸಾ ದುವಾರ್‌ಗೆ ಕಳಿಸಿದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ ಅದು. ಸೆರೆಮನೆಯ ಗೋಡೆಗಳ ನಡುವೆಯೇ ಅವರು ಪಾಠ, ತರ್ಕ, ಪೂಜೆ ಮುಂದುವರಿಸಿದರು. ಅನೇಕರು ಅಲ್ಲಿಯೇ ತೀರಿಕೊಂಡರು.

ಮೊದಲ ನೆರವು ಬೇಗನೆ ಬಂತು ಎಂಬುದನ್ನು ಮರೆಯಬಾರದು. ಆಚಾರ್ಯ ಕೃಪಲಾನಿಯವರ ಮುಂದಾಳತ್ವದಲ್ಲಿ ಕೇಂದ್ರೀಯ ಪರಿಹಾರ ಸಮಿತಿಯೊಂದು ಹುಟ್ಟಿತು. ಹೊರದೇಶಗಳ ಚರ್ಚ್ ಸಂಸ್ಥೆಗಳು, ರೆಡ್ ಕ್ರಾಸ್, ಕೇರ್ ಮುಂತಾದವು ಹಾಲಿನ ಪುಡಿ, ಔಷಧ, ಬಟ್ಟೆ ಕಳಿಸಿದವು. ಆದರೆ ಪರಿಹಾರ ಎನ್ನುವುದು ಹಸಿವಿಗೆ ಮಾತ್ರ ಉತ್ತರ ಕೊಡುತ್ತದೆ. ನಾಳೆ ಎಲ್ಲಿರಬೇಕು, ಏನು ಮಾಡಿ ಉಣ್ಣಬೇಕು ಎಂಬ ಪ್ರಶ್ನೆಗೆ ಹಾಲಿನ ಪುಡಿಯಲ್ಲಿ ಉತ್ತರವಿಲ್ಲ. ಸರ್ಕಾರಕ್ಕೆ ಆಗ ತೋಚಿದ ದಾರಿ, ಗಡಿನಾಡಿನ ರಸ್ತೆ ಕೆಲಸ. ಚಂಬಾ, ಕುಲು, ಸಿಕ್ಕಿಂಗಳಲ್ಲಿ ಗಂಡಸರು, ಹೆಂಗಸರು, ಲಾಮಾಗಳು, ಒಂದು ಕಾಲದ ಜಮೀನ್ದಾರರು ಒಂದೇ ಸಾಲಿನಲ್ಲಿ ನಿಂತು ಕಲ್ಲು ಒಡೆದರು. ಗುಡ್ಡ ಕುಸಿದು, ಸಿಡಿಮದ್ದಿಗೆ ಸಿಕ್ಕಿ ಸತ್ತವರಿದ್ದರು. ಮಕ್ಕಳು ರಸ್ತೆ ಪಕ್ಕದ ಡೇರೆಗಳಲ್ಲಿ ಬಿದ್ದಿರುತ್ತಿದ್ದವು. 1960ರ ಮೇ ತಿಂಗಳಲ್ಲಿ ಜಮ್ಮು ಕಡೆಯ ರಸ್ತೆ ಕ್ಯಾಂಪುಗಳಿಂದ 51 ಮಕ್ಕಳು ಧರ್ಮಶಾಲೆಗೆ ಬಂದವು, ನಿತ್ರಾಣವಾಗಿ, ಕಾಯಿಲೆ ಬಿದ್ದು. ದಲೈ ಲಾಮಾರ ಅಕ್ಕ ತ್ಸೆರಿಂಗ್ ಡೋಲ್ಮಾ ಆ ಮಕ್ಕಳಿಗಾಗಿ ತೆರೆದ ಮನೆಯೇ ಮುಂದೆ ತಿಬೆಟನ್ ಮಕ್ಕಳ ಗ್ರಾಮವಾಯಿತು.

ರಸ್ತೆ ಮುಗಿದರೆ ಕೂಲಿಯೂ ಮುಗಿಯುತ್ತದೆ. ಈ ಜನಕ್ಕೆ ಬೇಕಾದದ್ದು ನೆಲ. ಹಿಮಾಲಯದ ತಪ್ಪಲಿನಲ್ಲಿ ಇಷ್ಟು ದೊಡ್ಡ ಸಮುದಾಯವನ್ನು ಒಟ್ಟಿಗೆ ಇರಿಸುವಷ್ಟು ಖಾಲಿ ಜಮೀನು ಇರಲಿಲ್ಲ. ನೆಹರೂ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಬರೆದು ಕೇಳಿದರು. ದಕ್ಷಿಣದಿಂದ ಉದಾರವಾದ ಉತ್ತರ ಕೊಟ್ಟದ್ದು ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ, ಕಾವೇರಿ ದಾಟಿದರೆ ಕೊಡಗು ಎನ್ನುವಷ್ಟು ಅಂಚಿನಲ್ಲಿ, ಸುಮಾರು 3,000 ಎಕರೆ ಕಾಡು.

ಈ ದಾನದ ಜೊತೆಗೆ ತಿಬೆಟನ್ನರು ಸದಾ ನೆನೆಯುವ ಹೆಸರು ಎಸ್. ನಿಜಲಿಂಗಪ್ಪನವರದು. 1956ರಲ್ಲಿ ಬುದ್ಧ ಜಯಂತಿಗೆಂದು ಭಾರತಕ್ಕೆ ಬಂದಿದ್ದ ತರುಣ ದಲೈ ಲಾಮಾರನ್ನು ಅವರು ಭೇಟಿಯಾಗಿದ್ದರು. ಆ ಪರಿಚಯದ ನೆನಪನ್ನು ದಲೈ ಲಾಮಾ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. 2018ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತಿಬೆಟನ್ನರು ಕರ್ನಾಟಕಕ್ಕೆ ಧನ್ಯವಾದ ಹೇಳುವ ದೊಡ್ಡ ಸಮಾರಂಭ ನಡೆಸಿದಾಗಲೂ ಆ ಹೆಸರು ಕೇಳಿಬಂತು. ಆದರೂ ಇತಿಹಾಸ ಬರೆಯುವಾಗ ಇನ್ನೊಂದು ಹೆಸರನ್ನೂ ಸೇರಿಸಬೇಕು. ಮೊದಲ ತಂಡ ಬೈಲಕುಪ್ಪೆಗೆ ಬಂದಿಳಿದ 1960ರ ಕೊನೆಯಲ್ಲಿ ಮೈಸೂರಿನ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪನವರು ಮತ್ತೆ ಅಧಿಕಾರಕ್ಕೆ ಬಂದದ್ದು 1962ರಲ್ಲಿ. ಉತ್ತರ ಕನ್ನಡದ ಮುಂಡಗೋಡದಲ್ಲಿ ಇನ್ನೊಂದು ವಸಾಹತು ಶುರುವಾದದ್ದು ಅವರ ಕಾಲದಲ್ಲಿ. ಮುಖ್ಯಮಂತ್ರಿಯ ಕುರ್ಚಿಯಲ್ಲಿ ಜನ ಬದಲಾದರೂ ಕೊಟ್ಟ ಮಾತು ಬದಲಾಗಲಿಲ್ಲ ಎನ್ನುವುದು ನನಗೆ ಯಾವ ಒಬ್ಬರ ಔದಾರ್ಯಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಆ ಮಾತಿನೊಳಗೆ ಯಾರದು ಯಾವ ಪಾಲು ಎನ್ನುವುದು ಮೊದಲೇ ತೀರ್ಮಾನವಾಗಿತ್ತು. ನೆಲ ರಾಜ್ಯದ್ದು, ಒಡೆತನ ಬಿಟ್ಟುಕೊಡದೆ, ಉಳುಮೆಗೆ, ವಾಸಕ್ಕೆ ಕೊಡುವುದು. ಕಾಡು ಕಡಿಯಲು, ಮನೆ ಕಟ್ಟಲು, ಮೊದಲ ಫಸಲು ಕೈಗೆ ಬರುವವರೆಗೆ ಅನ್ನ ಹಾಕಲು ಹಣ ದೆಹಲಿಯದು. ಮೇಲುಸ್ತುವಾರಿಗೆ ಮೈಸೂರು ಸರ್ಕಾರದ ವಿಶೇಷಾಧಿಕಾರಿ. ಯಾವ ರಸ್ತೆ ಕ್ಯಾಂಪಿನಿಂದ ಯಾರು ಬರಬೇಕು, ಬಂದ ಮೇಲೆ ಒಳಗಿನ ಆಡಳಿತ ಹೇಗೆ ನಡೆಯಬೇಕು ಎನ್ನುವುದು ಧರ್ಮಶಾಲೆಯಲ್ಲಿದ್ದ ತಿಬೆಟನ್ ಆಡಳಿತದ ಹೊಣೆ. ಅವರ ಪ್ರತಿನಿಧಿಯೂ ವಸಾಹತಿನಲ್ಲೇ ಇರುತ್ತಿದ್ದ. ಸಂಕಟದಲ್ಲಿದ್ದ ಜನ ಬರೀ ಪಡೆಯುವವರಾಗಿ ಕೂರಲಿಲ್ಲ, ಪಾಲುದಾರರಾಗಿ ಕೂತರು. ಬೈಲಕುಪ್ಪೆಯ ಕಥೆಯ ತಿರುಳು ಇಲ್ಲಿದೆ ಎಂದು ನನ್ನ ನಂಬಿಕೆ.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿತ್ತು. ಕಾಡಿನಲ್ಲಿ ಮೊದಲ ವರ್ಷಗಳು ಭೀಕರವಾಗಿದ್ದವು.

ಮೊದಲ ತಂಡದಲ್ಲಿ ಬಂದವರು 666 ಜನ. ಅವರಿಗೆ ಕಂಡದ್ದು ಡೇರೆಗಳು ಮತ್ತು ಸುತ್ತ ದಟ್ಟವಾದ ಮರ, ಮುಳ್ಳು, ಬಿದಿರು. ತಲೆಗೊಂದು ಎಕರೆಯಂತೆ ಮೂರು ಸಾವಿರ ಜನರನ್ನು ನೆಲೆಗೊಳಿಸುವುದು ಯೋಜನೆ. ಆದರೆ ಆ ಎಕರೆಗಳು ಇನ್ನೂ ಹುಟ್ಟಿರಲಿಲ್ಲ, ಅವನ್ನು ಕಡಿದು, ಸುಟ್ಟು, ಬೇರು ಕಿತ್ತು ಹುಟ್ಟಿಸಬೇಕಿತ್ತು. ಮೈಸೂರಿನ ಬಿಸಿಲಿಗೆ ಸುಡುವ ಕಾಡಿನ ಬಿಸಿಯೂ ಸೇರಿತು. ಆ ದಿನಗಳಲ್ಲಿ ಅಲ್ಲಿಗೆ ಹೋಗಿದ್ದ ದಲೈ ಲಾಮಾ ತಮ್ಮ ಆತ್ಮಕಥೆಯಲ್ಲಿ ಅದನ್ನು ಬರೆದಿದ್ದಾರೆ: ಜನ ಕಪ್ಪಾಗಿ, ಸೊರಗಿ ಹೋಗಿದ್ದರು, ಬದುಕುವ ಆಸೆಯನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದರು. ಅವರು ಕೊಡಬಹುದಾಗಿದ್ದದ್ದು ಧೈರ್ಯದ ಮಾತು ಮಾತ್ರ.

ಆನೆಗಳು ಬೇರೆ. ನಾಗರಹೊಳೆ, ಕೊಡಗಿನ ಕಾಡುಗಳ ಆನೆಗಳಿಗೆ ಇದು ಓಡಾಟದ ಜಾಗ. ತಿಬೆಟನ್ನರಲ್ಲಿ ಹೆಚ್ಚಿನವರು ಆನೆಯನ್ನು ದೇವಸ್ಥಾನದ ಚಿತ್ರಗಳಲ್ಲಿ ಮಾತ್ರ ಕಂಡಿದ್ದವರು. ರಾತ್ರಿ ಬೆಂಕಿ ಹಾಕಿ, ಡಬ್ಬ ಬಡಿದು ಕಾವಲು ಕೂರುವುದನ್ನು ಅವರು ಕಲಿಯಬೇಕಾಯಿತು. ಈ ಕಡೆಯ ರೈತನಿಗೆ ಅದು ತಲೆಮಾರುಗಳ ಅಭ್ಯಾಸ. ಅವರಿಗೋ ದಿನದಿನವೂ ಹೊಸ ಭಯ.

ಬೇಸಾಯವೂ ಹಾಗೆಯೇ. ತಿಬೆಟ್ಟಿನ ರೈತನಿಗೆ ಗೊತ್ತಿದ್ದದ್ದು ಬಾರ್ಲಿ, ಹುರಿದು ಹಿಟ್ಟು ಮಾಡಿ ಬೆಣ್ಣೆ ಚಹಾದಲ್ಲಿ ಕಲಸಿ ತಿನ್ನುವ ತ್ಸಂಪಾ. ಬಂದವರಲ್ಲಿ ಅನೇಕರು ರೈತರೇ ಅಲ್ಲ; ಯಾಕ್, ಕುರಿ ಮೇಯಿಸಿಕೊಂಡಿದ್ದವರು, ವ್ಯಾಪಾರಿಗಳು, ಭಿಕ್ಷುಗಳು. ಮುಂಗಾರು ಯಾವಾಗ ಕೈ ಕೊಡುತ್ತದೆ, ಬಿತ್ತನೆಗೆ ಯಾವ ಮಳೆಗೆ ಕಾಯಬೇಕು ಎನ್ನುವ ಜ್ಞಾನ ಸರ್ಕಾರಿ ಆದೇಶದಿಂದ ಬರುವುದಿಲ್ಲ. ಮೊದಲು ಬಿತ್ತಿದ ಬೆಳೆಗಳು ಕೈಹತ್ತಲಿಲ್ಲ. ಕೃಷಿಯೇ ಆಧಾರವಾದ ಯೋಜನೆ ಕುಸಿದು ಬೀಳುವ ಅಪಾಯ ನಿಜವಾಗಿಯೂ ಇತ್ತು.

ಆಗ ಕೈಜೋಡಿಸಿದವರು ಸ್ವಿಟ್ಜರ್ಲೆಂಡಿನವರು. ಸ್ವಿಸ್ ಸರ್ಕಾರ 1963ರಲ್ಲಿ ಒಂದು ಸಾವಿರ ತಿಬೆಟನ್ನರನ್ನು ತನ್ನ ದೇಶಕ್ಕೇ ಕರೆಸಿಕೊಳ್ಳಲು ಒಪ್ಪಿತ್ತು. ಪರ್ವತದ ಜನಕ್ಕೆ ಪರ್ವತದ ದೇಶ, ಕೇಳಲು ಎಷ್ಟು ಸರಿಯಾಗಿದೆ! ಆದರೆ ಹಾಗೆ ಹೋಗಬಹುದಾದವರು ಸಾವಿರ, ಇಲ್ಲಿ ಉಳಿದವರು ಹತ್ತಾರು ಸಾವಿರ. ಅವರಿಗೆ ಬೇಕಾದ್ದು ಬಯಲಿನ ಬೇಸಾಯ ಎಂಬುದನ್ನು ಸ್ವಿಸ್ ಸಂಸ್ಥೆಗಳು ಅರ್ಥಮಾಡಿಕೊಂಡವು. ಅವರ ತಾಂತ್ರಿಕ ನೆರವಿನಿಂದ ಬೈಲಕುಪ್ಪೆಗೆ ಟ್ರ್ಯಾಕ್ಟರ್‌ಗಳು ಬಂದವು, ಅವನ್ನು ರಿಪೇರಿ ಮಾಡುವ ವರ್ಕ್‌ಶಾಪ್ ಬಂತು, ಮಣ್ಣು ಮಳೆ ನೋಡಿ ಬೆಳೆ ಹೇಳುವ ಕೃಷಿ ತಜ್ಞರು ಬಂದರು. ನಿಧಾನವಾಗಿ ಮುಸುಕಿನ ಜೋಳ ನೆಲೆಯೂರಿತು. ಮಳೆಯಾಶ್ರಯದಲ್ಲಿ ಬೆಳೆಯಬಹುದು, ಟ್ರ್ಯಾಕ್ಟರಿನಲ್ಲಿ ದೊಡ್ಡದಾಗಿ ಉತ್ತು ಬಿತ್ತಬಹುದು, ಮಾರುಕಟ್ಟೆಯೂ ಇದೆ. ಬೈಲಕುಪ್ಪೆಯ ಹೊಲಗಳು ವರ್ಷಗಟ್ಟಲೆ ಜೋಳದ ಹೊಲಗಳೇ ಆದವು. ಮುಂಡಗೋಡದಲ್ಲೂ ಅದೇ ಬೆಳೆ, ಅಲ್ಲಿ ಗೋವಿನಜೋಳ ಎನ್ನುತ್ತಾರೆ.

ಟ್ರ್ಯಾಕ್ಟರ್ ಒಬ್ಬನದಾಗಿರಲಿಲ್ಲ, ಸಹಕಾರ ಸಂಘದ್ದಾಗಿತ್ತು. ಬೀಜ, ಗೊಬ್ಬರ, ಉಳುಮೆ, ಮಾರಾಟ, ಅಂಗಡಿ, ಹಿಟ್ಟಿನ ಗಿರಣಿ ಎಲ್ಲ ಸಂಘದ ಮೂಲಕವೇ. ಸಣ್ಣ ಹಿಡುವಳಿಯ ಈ ಜನ ದಲ್ಲಾಳಿಯ ಕೈಗೆ ಬೀಳದೆ ಉಳಿದದ್ದು ಸಂಘದಿಂದ. ಲೆಕ್ಕ ಬರೆಯುವುದನ್ನು, ಸಭೆ ನಡೆಸುವುದನ್ನು, ಸಾಲ ತೀರಿಸುವುದನ್ನು ಅವರು ಅಲ್ಲಿ ಕಲಿತರು. ದಾನಿಗಳು ಯಂತ್ರ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗಿಬಿಟ್ಟಿದ್ದರೆ ಎರಡೇ ವರ್ಷದಲ್ಲಿ ಟ್ರ್ಯಾಕ್ಟರ್‌ಗಳು ತುಕ್ಕು ಹಿಡಿಯುತ್ತಿದ್ದವು. ಯಂತ್ರದ ಜೊತೆ ಅದನ್ನು ನಡೆಸುವ ಸಂಘವನ್ನೂ ಕಟ್ಟಿದ್ದರಿಂದ ನೆರವು ಬೇರು ಬಿಟ್ಟಿತು.

ಹೊಟ್ಟೆಪಾಡು ಮುಗಿಯುವವರೆಗೆ ಧರ್ಮ ಕಾಯಲಿಲ್ಲ. ಪೆನೋರ್ ರಿಂಪೋಚೆ 1963ರಲ್ಲಿ ಬೆರಳೆಣಿಕೆಯ ಭಿಕ್ಷುಗಳ ಜೊತೆ ಬಿದಿರಿನಲ್ಲಿ ಕಟ್ಟಿಕೊಂಡ ಪುಟ್ಟ ಗುಡಿಯಿಂದ ನಮ್‌ಡ್ರೋಲಿಂಗ್ ಮಠ ಶುರುವಾಯಿತು. ಇವತ್ತು ಕೊಡಗಿಗೆ ಹೊರಟ ಪ್ರವಾಸಿಗರೆಲ್ಲ ಬಸ್ಸು ಇಳಿದು ನೋಡುವ ಸ್ವರ್ಣ ಮಂದಿರ ಅದರದ್ದೇ. ಅದರ ಉದ್ಘಾಟನೆಯಾದದ್ದು 1999ರಲ್ಲಿ. ಅದರೊಳಗೆ ಹೊಳೆಯುವ ಮೂರು ಮೂರ್ತಿಗಳನ್ನು ನೋಡಿ ಬರುವವರಲ್ಲಿ ಮಠದ ಮೊದಲ ಇಟ್ಟಿಗೆ ಮಣ್ಣನ್ನು ಭಿಕ್ಷುಗಳೇ ಹೊತ್ತರು ಎಂದು ಗೊತ್ತಿರುವವರು ಕಡಿಮೆ.

1966 ಈ ಕಥೆಯಲ್ಲಿ ದೊಡ್ಡ ವರ್ಷ. ಆ ವರ್ಷ ಉತ್ತರ ಕನ್ನಡದ ಮುಂಡಗೋಡದಲ್ಲಿ ಎರಡನೆಯ ದೊಡ್ಡ ವಸಾಹತು ಹುಟ್ಟಿತು. ಅದೇ ವರ್ಷ ಯುರೋಪಿನ ದೇಶಗಳಲ್ಲಿ ನಿರಾಶ್ರಿತರಿಗಾಗಿ ಒಂದು ಜಂಟಿ ನಿಧಿ ಸಂಗ್ರಹ ನಡೆಯಿತು, ಅದರಲ್ಲಿ ದೊಡ್ಡ ಪಾಲು ತಿಬೆಟನ್ನರಿಗೆಂದು ಮೀಸಲಾಯಿತು. ಈಗ ಎದುರಾದ ತೊಡಕು ಹಣದ ಕೊರತೆಯದ್ದಲ್ಲ. ಅನೇಕ ದೇಶಗಳಿಂದ, ಅನೇಕ ಸಂಸ್ಥೆಗಳಿಂದ ಹಣ ಬರುತ್ತದೆ. ಒಬ್ಬೊಬ್ಬರು ಒಂದೊಂದು ಮನೆ, ಒಂದೊಂದು ಬಾವಿ, ಒಂದೊಂದು ಶಾಲೆ ತಮ್ಮ ಹೆಸರಿನಲ್ಲಿ ಮಾಡಹೊರಟರೆ ವಸಾಹತು ಆಗುವುದಿಲ್ಲ, ಚಿಂದಿ ಚಿಂದಿಯಾಗುತ್ತದೆ. ರಾಜ್ಯ ಸರ್ಕಾರದ ಇಲಾಖೆಗಳಿಗೆ ವಿದೇಶಿ ದಾನಿಗಳ ಜೊತೆ ದಿನನಿತ್ಯ ವ್ಯವಹರಿಸುವ ರೂಢಿ ಇರಲಿಲ್ಲ. ವಿದೇಶಿ ದಾನಿಗಳಿಗೆ ತಾಲ್ಲೂಕು ಕಚೇರಿಯ ಬಾಗಿಲು ಯಾವುದು, ಅರಣ್ಯ ಇಲಾಖೆಯ ಅನುಮತಿ ಹೇಗೆ ಎಂಬುದು ಗೊತ್ತಿರಲಿಲ್ಲ. ನಡುವೆ ನಿಂತು ಎಲ್ಲರ ಭಾಷೆಯೂ ಬರುವ ಒಂದು ಸಂಸ್ಥೆ ಬೇಕಿತ್ತು.

ಅದು 1968ರಲ್ಲಿ ಹುಟ್ಟಿತು. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂದು ಅದರ ಪೂರ್ಣ ಹೆಸರು. ನಾವೆಲ್ಲ ಬಲ್ಲ ಹೆಸರು ಮೈರಾಡ. ಸ್ಥಾಪಕರು ಕ್ಯಾಪ್ಟನ್ ವಿಲಿಯಂ ಡೇವಿನ್ಸನ್. ಸರ್ಕಾರದ ಪುನರ್ವಸತಿ ಕಾರ್ಯಕ್ರಮಕ್ಕೆ ಹೆಗಲು ಕೊಡುವುದೊಂದೇ ಆಗ ಅದರ ಕೆಲಸ. ಬೈಲಕುಪ್ಪೆಯಲ್ಲಿ 1969ರಲ್ಲಿ ಎರಡನೆಯ ವಸಾಹತು ಡಿಕ್ಯಿ ಲಾರ್ಸೊ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗೇಲಿಂಗ್, 1974ರಲ್ಲಿ ಕೊಳ್ಳೇಗಾಲ ಸೀಮೆಯ ಒಡೆಯರಪಾಳ್ಯದಲ್ಲಿ ಧೊಂಡೆನ್‌ಲಿಂಗ್ ತಲೆಯೆತ್ತಿದವು. ಮೊದಲ ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು 15,000 ತಿಬೆಟನ್ನರು ನೆಲೆನಿಲ್ಲಲು ಮೈರಾಡ ನೆರವಾಯಿತು. ಅದೇ ಹೊತ್ತಿಗೆ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನ್ ಕೂಡ 1969ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು ತಿಬೆಟನ್ನರ ನೆರವಿಗೆ ಬಂತು; 1975ರಲ್ಲಿ ಆ ಕಚೇರಿ ಮುಚ್ಚಿತು. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿದ ದೇಶವಲ್ಲ, ಇಂದಿಗೂ ಹಾಕಿಲ್ಲ. ಕಾನೂನಿನ ಕಟ್ಟುಪಾಡಿಲ್ಲದೆ ನಡೆದ ಕೆಲಸ ಇದು. ಆದ್ದರಿಂದಲೇ ಇದು ಸಂಸ್ಥೆಗಳ ನಡುವಣ ನಂಬಿಕೆಯ ಮೇಲೆಯೇ ನಿಂತಿತ್ತು, ಬೇರೆ ಆಧಾರ ಇರಲಿಲ್ಲ.

ಬಕ್ಸಾದ ಭಿಕ್ಷುಗಳ ಸರದಿ ಬಂದದ್ದೂ ಆಗಲೇ. ಹತ್ತು ವರ್ಷ ಆ ಸೆರೆಮನೆಯಲ್ಲಿ ಕಳೆದವರನ್ನು 1969ರ ಸುಮಾರಿಗೆ ದಕ್ಷಿಣಕ್ಕೆ ಕಳಿಸುವ ತೀರ್ಮಾನವಾಯಿತು. ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು ಮುಂಡಗೋಡಕ್ಕೆ, ಸೆರಾ ಮಠ ಬೈಲಕುಪ್ಪೆಗೆ. ಸೆರಾದ ಪಾಲಿಗೆ ಬಂದವರು ಸುಮಾರು 300 ಭಿಕ್ಷುಗಳು. ಆದರೆ ಯೋಜನೆಯ ಪ್ರಕಾರ ಭೂಮಿ ಕೊಡುವುದು ಉಳುವವರಿಗೆ. ನೇಗಿಲ ಕುಳಕ್ಕೆ ಸಿಕ್ಕಿ ಹುಳು ಸಾಯುತ್ತದೆ, ಆ ಪಾಪಕ್ಕೆ ಭಿಕ್ಷು ಕೈ ಹಾಕಬಹುದೆ? ಭಿಕ್ಷುಗಳ ನಡತೆಗೆ ಕಟ್ಟಿದ ವಿನಯ ನಿಯಮಗಳನ್ನು ಜೀವಮಾನವಿಡೀ ಪಾಲಿಸಿದವರಿಗೆ ಇದು ಹುಡುಗಾಟದ ಪ್ರಶ್ನೆಯಲ್ಲ. ಕೊನೆಗೆ ಅವರೂ ಕಾಡು ಕಡಿದರು, ಜೋಳ ಬಿತ್ತಿದರು, ಹಗಲು ಹೊಲದಲ್ಲಿ ದುಡಿದು ಸಂಜೆ ತರ್ಕದ ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟಿ ವಾದ ಮಾಡಿದರು. ಲಾಸಾದ ಮೂರು ಮಹಾ ವಿದ್ಯಾಪೀಠಗಳು ಕರ್ನಾಟಕದ ಎರಡು ತಾಲ್ಲೂಕುಗಳಲ್ಲಿ ಉಳಿದುಕೊಂಡದ್ದು ಹೀಗೆ. ಇಂದು ಅಲ್ಲಿ ಸಾವಿರಾರು ಭಿಕ್ಷುಗಳು ಓದುತ್ತಾರೆ, ಲಡಾಖ್, ಅರುಣಾಚಲ, ಮಂಗೋಲಿಯಾದಿಂದಲೂ ಬರುತ್ತಾರೆ.

ನೆಹರೂ ಅವರ ಇನ್ನೊಂದು ತೀರ್ಮಾನವನ್ನೂ ಇಲ್ಲಿ ಹೇಳಬೇಕು. ತಿಬೆಟನ್ ಮಕ್ಕಳನ್ನು ಇಲ್ಲಿನ ಶಾಲೆಗಳಲ್ಲಿ ಚೆದುರಿಸಿ ಸೇರಿಸಿಬಿಡುವುದು ಸುಲಭದ ದಾರಿಯಾಗಿತ್ತು. ಅವರು ಹಾಗೆ ಮಾಡಲಿಲ್ಲ. ಆ ಮಕ್ಕಳಿಗೆ ಪ್ರತ್ಯೇಕ ಶಾಲೆಗಳು ಬೇಕು, ಅಲ್ಲಿ ತಮ್ಮ ಇತಿಹಾಸ, ತಮ್ಮ ಭಾಷೆ ಕಲಿಯಬೇಕು, ಜೊತೆಗೆ ಆಧುನಿಕ ವಿದ್ಯೆಗಾಗಿ ಇಂಗ್ಲಿಷ್ ಕಲಿಯಬೇಕು ಎಂದರು. 1961ರಲ್ಲಿ ಕೇಂದ್ರ ಶಿಕ್ಷಣ ಇಲಾಖೆಯಡಿ ತಿಬೆಟನ್ ಶಾಲೆಗಳ ಸಂಸ್ಥೆ ಬಂತು. ದಲೈ ಲಾಮಾ ಇದನ್ನು ಎಂದೂ ಮರೆತಿಲ್ಲ. ಹೊರಗಿನಿಂದ ಬಂದವರು ತಮ್ಮತನ ಬಿಟ್ಟರೆ ಮಾತ್ರ ನಮ್ಮವರಾಗುತ್ತಾರೆ ಎಂಬ ವಾದ ಇಂದಿಗೂ ಜಗತ್ತಿನ ಅನೇಕ ಕಡೆ ಜೋರಾಗಿ ಕೇಳುತ್ತದೆ. ಬೈಲಕುಪ್ಪೆಯ ಅನುಭವ ಅದಕ್ಕೆ ತಿರುಗಿ ನಿಲ್ಲುತ್ತದೆ. ತಮ್ಮ ಮಠ, ತಮ್ಮ ಶಾಲೆ, ತಮ್ಮ ಮುಖಂಡರು ಗಟ್ಟಿಯಾಗಿದ್ದುದರಿಂದಲೇ ಅವರು ಹೆದರಿಕೆಯಿಲ್ಲದೆ ನೆರೆಹೊರೆಯವರ ಜೊತೆ ವ್ಯವಹಾರಕ್ಕಿಳಿದರು.

ನೆರೆಹೊರೆ ಎಂದರೆ ಯಾರು? ಕುಶಾಲನಗರದ ಅಂಗಡಿಯವರು, ಸುತ್ತಲ ಹಳ್ಳಿಗಳ ಒಕ್ಕಲು ಮಕ್ಕಳು, ಕೂಲಿಗೆ ಬರುವ ಹೆಂಗಸರು. ಮೊದಮೊದಲು ಅವರಿಗೆ ಅಸಮಾಧಾನ ಇದ್ದದ್ದು ಸಹಜ. ನಮ್ಮೂರ ಕಾಡು ಯಾರಿಗೋ ಹೋಯಿತು, ನಮ್ಮ ಎತ್ತು ನೊಗ ಎಳೆಯುತ್ತಿರುವಾಗ ಅವರ ಹೊಲದಲ್ಲಿ ಟ್ರ್ಯಾಕ್ಟರ್ ಓಡುತ್ತಿದೆ ಎಂದು ಅನ್ನಿಸದೆ ಇರುತ್ತದೆಯೆ? ಆ ಅಸಮಾಧಾನ ಕರಗಿದ್ದು ಭಾಷಣದಿಂದಲ್ಲ, ವ್ಯವಹಾರದಿಂದ. ಹೊಲಕ್ಕೆ ಕೂಲಿಯಾಳು ಬೇಕಾಯಿತು, ಸುತ್ತಲ ಹಳ್ಳಿಗಳಿಂದ ಬಂದರು. ಚಳಿಗಾಲ ಬಂತೆಂದರೆ ತಿಬೆಟನ್ನರು ಲೂಧಿಯಾನದಿಂದ ಸ್ವೆಟರ್ ತರಿಸಿಕೊಂಡು ಬೆಂಗಳೂರು, ಹುಬ್ಬಳ್ಳಿ ಎನ್ನದೆ ಊರೂರಿಗೆ ಹೊರಡುತ್ತಿದ್ದರು. ಆಗ ಹೊಲ ನೋಡಿಕೊಂಡವರು ಪಕ್ಕದೂರಿನವರೇ. ಗುತ್ತಿಗೆ, ಪಾಲು, ಸಾಲ, ಸ್ನೇಹ ಎಲ್ಲ ಬೆಳೆಯಿತು. ಮುಂಡಗೋಡ, ಬೈಲಕುಪ್ಪೆಗಳ ತಿಬೆಟನ್ ಆಸ್ಪತ್ರೆಗಳಲ್ಲಿ ಸುತ್ತಲ ಹಳ್ಳಿಯವರೂ ಚೀಟಿ ಹಿಡಿದು ಕೂರುತ್ತಾರೆ. ಇಲ್ಲಿ ಹುಟ್ಟಿದ ತಿಬೆಟನ್ನರು ಸಂತೆಯಲ್ಲಿ ಚೌಕಾಶಿ ಮಾಡುವಷ್ಟು ಕನ್ನಡವನ್ನು ಶಾಲೆಯ ಪಾಠಕ್ಕಿಂತ ಮೊದಲು ಬೀದಿಯಲ್ಲಿ ಕಲಿತರು. ಜಗಳಗಳೂ ಆಗಿವೆ, ವ್ಯಾಪಾರದ ಮೇಲೆ, ಜಮೀನಿನ ಮೇಲೆ. ಆದರೆ ಅರವತ್ತು ವರ್ಷ ಮೀರಿದ ಒಡನಾಟದಲ್ಲಿ ಅವು ಊರು ಒಡೆಯುವ ಮಟ್ಟಕ್ಕೆ ಹೋಗಲಿಲ್ಲ.

ನಿರಾಶ್ರಿತರಿಗಾಗಿ ಹುಟ್ಟಿದ ಮೈರಾಡದ ಮುಂದಿನ ಕಥೆ ನಮ್ಮ ಹಳ್ಳಿಗಳ ಕಥೆ. ತಿಬೆಟನ್ನರು ತಮ್ಮ ಕಾಲ ಮೇಲೆ ನಿಲ್ಲುತ್ತಿದ್ದಂತೆ, 1970ರ ದಶಕದ ಕೊನೆಯಲ್ಲಿ, ಸಂಸ್ಥೆ ಅವರ ಪಕ್ಕದ ಬಡ ಕನ್ನಡಿಗರ ಕಡೆ ತಿರುಗಿತು. ಕೊಳ್ಳೇಗಾಲ, ಹೆಗ್ಗಡದೇವನಕೋಟೆ ಸೀಮೆಗಳಲ್ಲಿ ಕೆಲಸ ಬೆಳೆಯಿತು. ವಸಾಹತುಗಳಲ್ಲಿ ಗೆದ್ದ ಮಾದರಿಯನ್ನೇ ಹಿಡಿದು ದೊಡ್ಡ ಸಹಕಾರ ಸಂಘಗಳನ್ನು ಕಟ್ಟಲಾಯಿತು. ಇಲ್ಲಿ ಆ ಮಾದರಿ ಸೋತಿತು. ತಿಬೆಟನ್ನರು ಒಂದೇ ನೋವು, ಒಂದೇ ಗುರು ಇದ್ದ ಜನ. ನಮ್ಮ ಹಳ್ಳಿಗಳಲ್ಲಿ ಜಾತಿ, ಜಮೀನು, ಮುಖಂಡರ ಮೇಲಾಟ ಸಂಘಗಳನ್ನು ತಿಂದುಹಾಕಿತು. 1984-85ರ ಸುಮಾರಿಗೆ ಕೆಲವು ಕಡೆ ಸದಸ್ಯರು ದೊಡ್ಡ ಸಂಘ ಬಿಟ್ಟು ಹತ್ತಿಪ್ಪತ್ತು ಜನರ ಗುಂಪುಗಳಾಗಿ ಒಡೆದು ಬಂದರು. ಸಾಲದ ಹಣವನ್ನು ಸಂಘಕ್ಕೆ ಕಟ್ಟುವುದಿಲ್ಲ, ಬೇಕಾದರೆ ನಿಮಗೇ ಕಟ್ಟುತ್ತೇವೆ ಎಂದು ಮೈರಾಡದವರಿಗೆ ಹೇಳಿದರು. ನಮಗೂ ಬೇಡ, ನೀವೇ ಇಟ್ಟುಕೊಂಡು ನಿಮ್ಮೊಳಗೇ ಸಾಲ ಕೊಟ್ಟು ತೆಗೆದುಕೊಳ್ಳಿ ಎಂಬ ಉತ್ತರ ಬಂತು. ಒಬ್ಬರನ್ನೊಬ್ಬರು ನಂಬುವವರ ಚಿಕ್ಕ ಗುಂಪು, ತಮ್ಮದೇ ಉಳಿತಾಯ, ತಮ್ಮದೇ ನಿಯಮ. 1987ರಲ್ಲಿ ಗ್ರಾಮೀಣ ಅಭಿವೃದ್ಧಿಯ ಬ್ಯಾಂಕ್ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟು ಈ ಪ್ರಯೋಗಕ್ಕೆ ಬೆನ್ನು ತಟ್ಟಿತು. 1992ರಲ್ಲಿ ಇಂಥ ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನೇ ಶುರುಮಾಡಿತು. ಇಂದು ಕರ್ನಾಟಕದ ಪ್ರತಿ ಹಳ್ಳಿಯಲ್ಲೂ ಹೆಂಗಸರು ವಾರಕ್ಕೊಮ್ಮೆ ಸೇರಿ ಪುಸ್ತಕ ಬರೆಯುವ ಸ್ವಸಹಾಯ ಸಂಘದ ಬೇರುಗಳಲ್ಲಿ ಒಂದು, ತಿಬೆಟನ್ನರಿಗಾಗಿ ಕಟ್ಟಿದ ಸಂಸ್ಥೆಯವರೆಗೆ ಹೋಗುತ್ತದೆ.

ಇಷ್ಟೆಲ್ಲ ಹೆಮ್ಮೆಯಿಂದ ಹೇಳಿಕೊಂಡ ಮೇಲೆ, ಅದೇ ತಾಲ್ಲೂಕುಗಳ ಇನ್ನೊಂದು ಜನದ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ಗುರುಪುರದ ತಿಬೆಟನ್ ವಸಾಹತಿನ ಬಳಿಯೇ ನಾಗರಹೊಳೆಯ ಕಾಡು. ಆ ಕಾಡಿನಿಂದ ಜೇನು ಕುರುಬರು, ಬೆಟ್ಟ ಕುರುಬರು, ಯರವರು ಎಂಬ ಬುಡಕಟ್ಟು ಜನ ದಶಕಗಳ ಕಾಲ ಹೊರಗೆ ಬಿದ್ದರು, ವನ್ಯಜೀವಿ ರಕ್ಷಣೆಯ ಹೆಸರಿನಲ್ಲಿ. ಕೊಡಗಿನ ಕಾಫಿ ತೋಟಗಳ ಅಂಚಿನಲ್ಲಿ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹೊಲಗಳ ಬದುವಿನಲ್ಲಿ, ಊರ ಹೊರಗಿನ ಹಾಡಿಗಳಲ್ಲಿ ಕೂಲಿಗಳಾಗಿ ಉಳಿದರು. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಪುನರ್ವಸತಿ ಸಿಗಬೇಕಾದ ಕುಟುಂಬಗಳು 3,418 ಎಂದು ಲೆಕ್ಕ ಹೇಳಿತು. ಇದೇ ರಾಜ್ಯ, ಇದೇ ಜಿಲ್ಲಾಡಳಿತ, ಇದೇ ಅರಣ್ಯ. ತಿಬೆಟನ್ನರಿಗೆ ಆದದ್ದು ಇವರಿಗೆ ಏಕೆ ಆಗಲಿಲ್ಲ? ಮಾತುಕತೆಯ ಮೇಜಿನಲ್ಲಿ ತಿಬೆಟನ್ನರಿಗೆ ಧರ್ಮಶಾಲೆಯ ಕುರ್ಚಿ ಇತ್ತು, ಸ್ವಿಸ್ ಸಂಸ್ಥೆಗಳ ಕುರ್ಚಿ ಇತ್ತು, ದೆಹಲಿಯ ಆಸಕ್ತಿ ಇತ್ತು. ಜೇನು ಕುರುಬನ ಪರವಾಗಿ ಆ ಮೇಜಿನಲ್ಲಿ ಯಾರೂ ಕೂತಿರಲಿಲ್ಲ. ಅವನ ವಿಷಯದಲ್ಲಿ ನಿರ್ಧಾರ ಮಾಡಿದ್ದು ಒಂದೇ ಇಲಾಖೆ, ಅದೂ ಅವನನ್ನು ಹೊರಗೆ ಕಳಿಸಿದ ಇಲಾಖೆ. ಇದು ತಿಬೆಟನ್ನರ ತಪ್ಪಲ್ಲ. ಆದರೆ ನಮಗೆ ಪುನರ್ವಸತಿ ಮಾಡಲು ಬರುತ್ತಿತ್ತು ಎಂಬುದಕ್ಕೆ ಬೈಲಕುಪ್ಪೆ ಸಾಕ್ಷಿಯಾಗಿರುವಾಗ, ಹಾಡಿಗಳ ಸ್ಥಿತಿಗೆ ಯಾವ ನೆಪವೂ ಸಾಲದು.

ತಿಬೆಟನ್ನರ ಮಟ್ಟಿಗೂ ಒಂದು ಗಂಟು ಬಿಚ್ಚದೆ ಉಳಿದಿದೆ, ಅದು ಕಾಗದದ ಗಂಟು. ದೇಶದ ಬೇರೆ ಯಾವ ರಾಜ್ಯಕ್ಕಿಂತ ಹೆಚ್ಚು ತಿಬೆಟನ್ನರು ಕರ್ನಾಟಕದಲ್ಲಿದ್ದಾರೆ. ಕಾನೂನಿನ ಕಣ್ಣಿಗೆ ಅವರಲ್ಲಿ ಹೆಚ್ಚಿನವರು ವಿದೇಶಿಯರು. ನೋಂದಣಿ ಪುಸ್ತಕವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. 2014ರಲ್ಲಿ ಕೇಂದ್ರ ಸರ್ಕಾರ ತಿಬೆಟನ್ ಪುನರ್ವಸತಿ ನೀತಿ ತಂದು, ಜಮೀನಿಗೆ 20 ವರ್ಷದ ಗುತ್ತಿಗೆ ಪತ್ರ ಮಾಡಿಕೊಡುವಂತೆ, ಪಡಿತರ, ಉದ್ಯೋಗ ಖಾತರಿಯಂಥ ಯೋಜನೆಗಳ ಲಾಭ ಕೊಡುವಂತೆ ರಾಜ್ಯಗಳಿಗೆ ಹೇಳಿತು. ಅರ್ಧ ಶತಮಾನ ಬಾಯಿಮಾತಿನ, ಆದೇಶಗಳ ಮೇಲೆ ನಿಂತಿದ್ದ ಹಕ್ಕಿಗೆ ಒಂದು ಪತ್ರ ಬಂತು. ಪೌರತ್ವದ ಮಾತು ನ್ಯಾಯಾಲಯದಲ್ಲಿ ತೀರ್ಮಾನವಾಯಿತು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದು ಕಾಯ್ದೆ ಹೇಳುತ್ತದೆ, ಅದು ತಿಬೆಟನ್ನರಿಗೂ ಅನ್ವಯ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದವು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು.

ಈ ನಡುವೆ ವಸಾಹತುಗಳಲ್ಲಿ ಎಕರೆಗಳು ಬೆಳೆಯಲಿಲ್ಲ, ಮನೆಗಳು ಬೆಳೆದವು. ಓದಿದ ಮಕ್ಕಳಿಗೆ ಜೋಳದ ಹೊಲ ಸಾಲದಾಯಿತು. ಬೆಂಗಳೂರಿಗೆ, ಅಲ್ಲಿಂದ ಅಮೆರಿಕ, ಕೆನಡಾ, ಯುರೋಪಿಗೆ ಹೋಗುತ್ತಿದ್ದಾರೆ. ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದಿದೆ. ಕೇಂದ್ರ ಸರ್ಕಾರ ನಡೆಸುತ್ತಿದ್ದ ಶಾಲೆಗಳು ಒಂದೊಂದಾಗಿ ತಿಬೆಟನ್ ಆಡಳಿತದ ಕೈಗೆ ಬಂದಿವೆ. ಹೊರಗೆ ಹೋಗಬೇಕೆಂದರೆ ಪಾಸ್‌ಪೋರ್ಟ್ ಬೇಕು. ಹುಟ್ಟಿನಿಂದ ಭಾರತೀಯರೆಂದು ಕೋರ್ಟಿನ ತೀರ್ಪು ಇರುವವರು ಅದಕ್ಕೆ ಅರ್ಜಿ ಹಾಕಿದಾಗ, 2017ರಲ್ಲಿ ವಿದೇಶಾಂಗ ಇಲಾಖೆ ಕೆಲವು ಷರತ್ತುಗಳನ್ನು ಮುಂದಿಟ್ಟಿತು: ನಿರಾಶ್ರಿತರ ನೋಂದಣಿ ಪುಸ್ತಕ ಹಿಂದಿರುಗಿಸಬೇಕು, ತಿಬೆಟನ್ ಆಡಳಿತದಿಂದ ಯಾವ ಸವಲತ್ತೂ ಪಡೆಯಬಾರದು, ತಿಬೆಟನ್ ವಸಾಹತಿನಲ್ಲಿ ವಾಸ ಇರಬಾರದು. ಬೈಲಕುಪ್ಪೆಯಲ್ಲಿ ಹುಟ್ಟಿ, ಅಪ್ಪ ಕಾಡು ಕಡಿದು ಮಾಡಿದ ಹೊಲದಲ್ಲಿ ಬೆಳೆದವನು ಭಾರತದ ಪಾಸ್‌ಪೋರ್ಟ್ ಪಡೆಯಬೇಕಾದರೆ ಬೈಲಕುಪ್ಪೆಯನ್ನೇ ಬಿಟ್ಟು ಹೋಗಬೇಕು ಎಂದು ಅದರ ಅರ್ಥ. 1960ರಲ್ಲಿ ರಾಜ್ಯ, ಕೇಂದ್ರ, ಧರ್ಮಶಾಲೆ ಮೂರೂ ಕೂತು ನೆಲದ ಪ್ರಶ್ನೆಯನ್ನು ಬಗೆಹರಿಸಿದವು. ಈ ಪ್ರಶ್ನೆಗೆ ಅಂಥ ಸಭೆ ಇನ್ನೂ ಕೂತಿಲ್ಲ.